ಬೊಗೊಟಾಕ್ಕೆ ಸಂಸಾರ ಸಮೇತ ಹೊರಟಿದ್ದೇವೆ: ಮನೆ ಎಲ್ಲಿ ಮಾಡೋದು, ಅಡುಗೆ ಹೇಗೆ?

ಮಲ್ಲಿಗೆದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕೊಲಂಬಿಯಾದ ಬೊಗೊಟಾಕ್ಕೆ ವರ್ಗ ಆಗಿದೆ. ಎರಡು ವರ್ಷದ ಮಾತು. ಆಫೀಸು ಕಾಯೆ 72 ಅನ್ನೋ ರಸ್ತೆ ಹತ್ತಿರ ಅಂತೆ. ಮಗಳಿಗೆ ಏಳು ವರ್ಷ. ಕಂಪನಿಯವರು ಮೊದಲ ತಿಂಗಳು ಮಾತ್ರ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡ್ತಾರೆ, ಆಮೇಲೆ ನಮ್ಮ ಪಾಡು ನಮಗೆ.

ನೆಟ್ಟಲ್ಲಿ ಹುಡುಕಿದ್ರೆ ಒಂದೋ ಕಳ್ಳಕಾಕರ ಕಥೆ, ಇಲ್ಲಾ ಕಾಫಿ ತೋಟದ ಫೋಟೋ. ಗ್ಯಾಸು, ನೀರು, ಕುಕ್ಕರು, ಬಾಡಿಗೆ ಕರಾರು ಇದನ್ನೆಲ್ಲ ಯಾರೂ ಬರೆದಿಲ್ಲ. ನಾವು ಸಸ್ಯಾಹಾರಿಗಳು. ಸ್ಪ್ಯಾನಿಷ್ ಒಂದಕ್ಷರ ಬರಲ್ಲ. ಅಷ್ಟು ಎತ್ತರದ ಊರಲ್ಲಿ ಉಸಿರೇ ಸಿಗಲ್ಲ ಅಂತ ನಮ್ಮತ್ತೆ ಬೇರೆ ಹೆದರಿಸಿಟ್ಟಿದ್ದಾರೆ. ಅಲ್ಲಿ ಇರೋರು ಯಾರಾದ್ರೂ ಇದ್ರೆ ದಿನದ ಬದುಕು ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀರಾ?

ಪಾರ್ಕ್‌ವೇ ಪಕ್ಕದವಳು:

ನಾನು ತೆವುಸಾಕಿಯೊ ಅನ್ನೋ ಭಾಗದಲ್ಲಿ, ಪಾರ್ಕ್‌ವೇ ಅಂತ ಕರೆಯೋ ಮರಗಳ ಸಾಲಿನ ರಸ್ತೆ ಹತ್ತಿರ ಇರೋಳು. ನೀವು ಕೇಳಿರೋದ್ರಲ್ಲಿ ಉಸಿರು, ಭಾಷೆ, ಕಳ್ಳರು ಇವೆಲ್ಲ ಆಮೇಲಿನ ಮಾತು. ಈ ಊರಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತೆ ಅನ್ನೋದು ನೀವು ಹಿಡಿಯೋ ಮನೆ ಮೇಲೆ ನಿಂತಿದೆ. ಬಿಸಿಲು ಬೀಳಬೇಕು, ಆಫೀಸೋ ಶಾಲೆಯೋ ಒಂದಾದರೂ ಹತ್ತಿರ ಇರಬೇಕು. ಅಷ್ಟು ಸಿಕ್ಕಿದ್ರೆ ಮಿಕ್ಕಿದ್ದಕ್ಕೆಲ್ಲ ಏನಾದ್ರೂ ದಾರಿ ಇದ್ದೇ ಇದೆ.

ಬಿಸಿಲು ಯಾಕೆ ಅಂದ್ರೆ, ಬೊಗೊಟಾ ಸಮುದ್ರ ಮಟ್ಟದಿಂದ ಸುಮಾರು 2,600 ಮೀಟರ್ ಮೇಲಿದೆ. ಸಮಭಾಜಕಕ್ಕೆ ಹತ್ತಿರ, ಹಾಗಾಗಿ ಬೇಸಿಗೆ ಚಳಿಗಾಲ ಅಂತ ಬೇರೆಬೇರೆ ಇಲ್ಲ. ವರ್ಷವಿಡೀ ಸರಾಸರಿ 14 ಡಿಗ್ರಿ ಆಸುಪಾಸು. ಬಿಸಿಲಲ್ಲಿ ನಿಂತ್ರೆ ಮೂಗಿನ ಚರ್ಮ ಸುಲಿಯುತ್ತೆ, ನೆರಳಿಗೆ ಬಂದ್ರೆ ಸ್ವೆಟರ್ ಹುಡುಕ್ತೀರಿ. ಮನೆಗಳಲ್ಲಿ ಹೀಟರ್ ಅನ್ನೋ ಪದ್ಧತಿಯೇ ಇಲ್ಲ. ಹೊರಗಿಗಿಂತ ಒಳಗೇ ಚಳಿ ಜಾಸ್ತಿ ಅನ್ನಿಸೋ ಮನೆಗಳು ಬೇಕಾದಷ್ಟಿವೆ, ಅದರಲ್ಲೂ ಒಳಗಡೆ ಬಾವಿ ಥರದ ಸಂದಿಗೆ ಕಿಟಕಿ ಇಟ್ಟಿರೋವು. ಬ್ರೋಕರ್ ಯಾವಾಗಲೂ ನಡುಹಗಲಲ್ಲಿ ತೋರಿಸ್ತಾನೆ, ಆಗ ಎಲ್ಲ ಮನೇನೂ ಚಂದ. ಮಧ್ಯಾಹ್ನದ ಮೇಲೆ ಮಲಗೋ ಕೋಣೆಗೆ ಬಿಸಿಲು ಬರುತ್ತಾ ಅಂತ ಕೇಳಿ. ಬಂದ್ರೆ ರಾತ್ರಿ ಗೋಡೆ ಬೆಚ್ಚಗಿರುತ್ತೆ, ಬಟ್ಟೆ ಒಣಗುತ್ತೆ. ಇಲ್ಲಾಂದ್ರೆ ಏಪ್ರಿಲ್ ಮತ್ತು ಅಕ್ಟೋಬರ್ ಮಳೇಲಿ ಟವೆಲ್ ಮೂರು ದಿನಕ್ಕೂ ಒಣಗಲ್ಲ, ಬೀರುವಿನಲ್ಲಿ ಬೂಸ್ಟು.

ದಿಕ್ಕು ಗೊತ್ತುಮಾಡ್ಕೊಳ್ಳೋದು ಇಲ್ಲಿ ಮಕ್ಕಳಾಟ. ಊರಿಗೆ ಪೂರ್ವದಲ್ಲಿ ಉದ್ದಕ್ಕೂ ಬೆಟ್ಟದ ಸಾಲು, ಮೋನ್ಸೆರಾತೆ ಬೆಟ್ಟದ ಮೇಲಿನ ಬಿಳೀ ಚರ್ಚು ಅರ್ಧ ಊರಿಗೆ ಕಾಣುತ್ತೆ. ಬೆಟ್ಟಕ್ಕೆ ಸಮನಾಗಿ ಉತ್ತರ-ದಕ್ಷಿಣ ಓಡೋವು ಕರೇರಾಗಳು, ಅಡ್ಡ ಬರೋವು ಕಾಯೆಗಳು. ಎಲ್ಲಕ್ಕೂ ನಂಬರು. ‘ಕಾಯೆ 72, ನಂಬರ್ 10-34’ ಅಂದ್ರೆ ಕಾಯೆ 72ರಲ್ಲಿ, ಕರೇರಾ 10ರ ಮೂಲೆಯಿಂದ ಸುಮಾರು 34 ಮೀಟರ್ ದೂರದ ಬಾಗಿಲು. ಆದರೆ ವಿಳಾಸದಲ್ಲಿ ‘ಸುರ್’ ಅಂತ ಇದೆಯಾ ನೋಡಿಕೊಳ್ಳಿ. ಕಾಯೆ 45 ಒಂದು ಕಡೆ, ಕಾಯೆ 45 ಸುರ್ ಊರಿನ ದಕ್ಷಿಣದಲ್ಲಿ ಎಲ್ಲೋ. ಟ್ಯಾಕ್ಸಿಯವನಿಗೆ ಆ ಒಂದು ಪದ ಬಿಟ್ಟು ಹೇಳಿದ್ರೆ ಸಂಜೆ ಹಾಳು.

ಆಮೇಲೆ ಎಸ್ತ್ರಾತೊ. ಪ್ರತಿ ಮನೆಗೂ 1ರಿಂದ 6ರವರೆಗೆ ಒಂದು ದರ್ಜೆ ಇರುತ್ತೆ. 1994ರ ಕಾನೂನಿನ ಪ್ರಕಾರ 1, 2, 3ನೇ ದರ್ಜೆಯವರಿಗೆ ನೀರು, ಕರೆಂಟು, ಗ್ಯಾಸಿನಲ್ಲಿ ರಿಯಾಯಿತಿ, 4ರವರು ಅಸಲು ಬೆಲೆ ಕೊಡ್ತಾರೆ, 5 ಮತ್ತು 6ರವರು ಮೇಲೆ ಸೇರಿಸಿ ಕೊಡ್ತಾರೆ. ಅಂದ್ರೆ ಅದೇ ಎರಡು ಬಕೆಟ್ ನೀರಿಗೆ ರಸ್ತೆಯ ಆಚೆ ಒಂದು ಬಿಲ್ಲು, ಈಚೆ ಇನ್ನೊಂದು. ವಿದೇಶಿಯರನ್ನ ಕಂಡ ತಕ್ಷಣ ಎಸ್ತ್ರಾತೊ 6ರ ಮನೇನೇ ತೋರಿಸ್ತಾರೆ. 4ರಲ್ಲೂ ಒಳ್ಳೊಳ್ಳೆ ಮನೆಗಳಿವೆ, ನಾನು ಇರೋದೂ ಅಂಥದ್ದರಲ್ಲೇ. ಬಾಡಿಗೆ ಜೊತೆಗೆ ‘ಅದ್ಮಿನಿಸ್ತ್ರಾಸಿಯೋನ್’ ಅಂತ ಕಟ್ಟಡದ ನಿರ್ವಹಣೆ ದುಡ್ಡು ಬೇರೆ, ಅದು ಬಾಡಿಗೆಯಲ್ಲಿ ಸೇರಿದೆಯಾ ಕೇಳಿ.

ಬಾಡಿಗೆ ಕರಾರಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳೋದು ಮುಂಗಡ ಎಷ್ಟು ಅಂತ. 2003ರ ಬಾಡಿಗೆ ಕಾನೂನಿನಲ್ಲಿ ವಾಸದ ಮನೆಗೆ ಡಿಪಾಸಿಟ್ ತಗೊಳ್ಳೋ ಹಾಗೇ ಇಲ್ಲ! ಕುಣಿಯಬೇಡಿ. ಅದರ ಬದಲು ಫಿಯಾದೋರ್ ಕೇಳ್ತಾರೆ, ಅಂದ್ರೆ ಜಾಮೀನುದಾರ, ಅವನ ಹೆಸರಲ್ಲಿ ಇಲ್ಲಿ ಆಸ್ತಿ ಇರಬೇಕು. ನಿನ್ನೆ ವಿಮಾನ ಇಳಿದೋರಿಗೆ ಬೊಗೊಟಾದಲ್ಲಿ ಆಸ್ತಿ ಇರೋ ಮಾವ ಎಲ್ಲಿಂದ ಬರಬೇಕು? ಇಲ್ಲಾ ವಿಮಾ ಕಂಪನಿಯಿಂದ ಬಾಡಿಗೆ ಪಾಲಿಸಿ ಮಾಡಿಸಬೇಕು, ಅವರು ಇಲ್ಲಿನ ಸಂಬಳದ ಪುರಾವೆ ಕೇಳ್ತಾರೆ. ನಿಮಗೆ ಸುಲಭದ ದಾರಿ ಅಂದ್ರೆ ಕರಾರನ್ನ ಯಜಮಾನರ ಕಂಪನಿ ಹೆಸರಲ್ಲೇ ಮಾಡಿಸೋದು. ಅದನ್ನ ಹೊರಡೋ ಮುಂಚೆ, ಇನ್ನೂ ನಿಮ್ಮ ಮಾತು ಕೇಳೋ ಮನಸ್ಥಿತಿಯಲ್ಲಿ ಇರುವಾಗಲೇ, ಎಚ್‌ಆರ್‌ನವರಿಂದ ಬರವಣಿಗೆಯಲ್ಲಿ ತಗೊಳ್ಳಿ. ಬಾಡಿಗೆ ವರ್ಷಕ್ಕೊಮ್ಮೆ ಏರಿಸಬಹುದು, ಅದೂ ಹಿಂದಿನ ವರ್ಷದ ಹಣದುಬ್ಬರದಷ್ಟು ಮಾತ್ರ. ಇದು ನಿಮ್ಮ ಪರವಾಗಿರೋ ನಿಯಮ, ನೆನಪಿಟ್ಟುಕೊಳ್ಳಿ.

ಇನ್ನೊಂದು, ಇದು ತಮಾಷೆ ಅಲ್ಲ. ಬಿಸಿನೀರು ಬರೋದು ಪೈಪ್ ಗ್ಯಾಸಿನ ಹೀಟರಿಂದ, ಬಹಳ ಮನೆಗಳಲ್ಲಿ ಅದು ಅಡುಗೆಮನೆ ಪಕ್ಕದ ಬಟ್ಟೆ ಒಗೆಯೋ ಜಾಗದಲ್ಲಿರುತ್ತೆ. ಅಲ್ಲಿ ಗೋಡೆಗೆ ಮೇಲೊಂದು ಕೆಳಗೊಂದು ಜಾಲರಿ ಬಿಟ್ಟಿರ್ತಾರೆ, ಅದರಿಂದ ಸುಯ್ ಅಂತ ತಣ್ಣನೆ ಗಾಳಿ. ಹೊಸಬರು ಮೊದಲ ವಾರದಲ್ಲೇ ರಟ್ಟು, ಟೇಪು ಹಾಕಿ ಮುಚ್ಚಿಬಿಡ್ತಾರೆ. ದಯವಿಟ್ಟು ಮುಚ್ಚಬೇಡಿ. ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡ್ರೆ ವಾಸನೇನೂ ಬರಲ್ಲ. ಗ್ಯಾಸ್ ಸಂಪರ್ಕವನ್ನ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸೋದು ಕಡ್ಡಾಯ. ಮನೆ ಹಿಡಿಯುವಾಗ ಆ ಪ್ರಮಾಣಪತ್ರ ತೋರಿಸಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ.

ನಲ್ಲಿ ನೀರು ಕುಡೀಬಹುದು. ದೊಡ್ಡ ಪಾಲು ನೀರು ಊರಾಚೆಯ ಚಿಂಗಾಸಾ ಅನ್ನೋ ಎತ್ತರದ ಹುಲ್ಲುಗಾವಲು ಕಡೆಯಿಂದ ಬರೋದು. 2024ರ ಏಪ್ರಿಲ್‌ನಲ್ಲಿ ಜಲಾಶಯ ತಳ ಕಂಡು, ಸರದಿ ಪ್ರಕಾರ ಒಂದೊಂದು ಭಾಗಕ್ಕೆ ಒಂದೊಂದು ದಿನ ನೀರು ನಿಲ್ಲಿಸೋಕೆ ಶುರು ಮಾಡಿದ್ರು, ಮುಂದಿನ ವರ್ಷದ ಏಪ್ರಿಲ್‌ವರೆಗೂ ನಡೀತು. ನೀರು ನಿಲ್ಲೋ ದಿನ ನನ್ನ ಮನೇಲಿ ಬಕೆಟ್ಟು, ಕೊಳದಪ್ಪಲೆ, ಕುಕ್ಕರ್ ಎಲ್ಲ ತುಂಬಿಟ್ಟಿದ್ದನ್ನ ನೋಡಿ ಪಕ್ಕದ ಮನೆ ಅಜ್ಜಿ ‘ನಿನಗೆ ಯಾರು ಕಲಿಸಿದ್ರು?’ ಅಂದ್ರು. ಈ ಒಂದು ವಿದ್ಯೆಯಲ್ಲಿ ನಮ್ಮನ್ನ ಮೀರಿಸೋರಿಲ್ಲ.

ಈಗ ಅಡುಗೆ. ಇಲ್ಲಿ ನೀರು ಕುದಿಯೋದೇ ಸುಮಾರು 91 ಡಿಗ್ರಿಗೆ. ಬರೀ ಪಾತ್ರೆಯಲ್ಲಿ ಬೇಳೆ ಇಟ್ರೆ ನೀರು ಕುಣೀತಾ ಇರುತ್ತೆ, ಬೇಳೆ ಮಾತ್ರ ಕಲ್ಲಿನ ಹಾಗೇ ಕೂತಿರುತ್ತೆ. ಕುಕ್ಕರ್ ಬೇಕೇ ಬೇಕು, ನಿಮ್ಮ ಲೆಕ್ಕಕ್ಕಿಂತ ಒಂದೆರಡು ವಿಸಿಲ್ ಜಾಸ್ತಿ ಕೂಗಿಸಿ. ಇಲ್ಲಿಯವರೂ ಬೀನ್ಸ್ ಕಾಳು, ಮಸೂರ ಎಲ್ಲ ಕುಕ್ಕರಲ್ಲೇ ಮಾಡೋದು, ಅಂಗಡಿ ತುಂಬ ಕುಕ್ಕರುಗಳು. ಹಾಗಾಗಿ ಹೊತ್ತು ತರಬೇಡಿ, ಹಳೇ ಗ್ಯಾಸ್ಕೆಟ್ಟಿನ ಮೇಲೆ ಪ್ರೀತಿ ಇದ್ರೆ ಬೇರೆ ಮಾತು. ಇಡ್ಲಿ ಹಿಟ್ಟು ಈ ಚಳಿಗೆ ಹುದುಗೋದೇ ಇಲ್ಲ. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಒಳಗಿಟ್ರೆ ಮಾರನೇ ದಿನಕ್ಕೆ ಉಬ್ಬುತ್ತೆ.

ತೊಗರಿಬೇಳೆ ಸಿಗಲ್ಲ ಅಂತ ಎಲ್ಲರೂ ಬರೀತಾರೆ. ಬೇಳೆ ಅಪರೂಪ ನಿಜ, ಆದರೆ ತೊಗರಿಕಾಳು ಇಲ್ಲಿಯದ್ದೇ ಬೆಳೆ! ಕೆರಿಬಿಯನ್ ಕರಾವಳಿ ಕಡೆ, ಬರಾನ್ಕಿಯಾದಲ್ಲಿ ಗ್ವಾಂದೂ ಅಂತ ಮಾಡ್ತಾರೆ, ಅನ್ನಕ್ಕೆ ಹಾಕ್ತಾರೆ, ಸಾರು ಮಾಡ್ತಾರೆ. ಬೊಗೊಟಾದಲ್ಲಿ ಕರಾವಳಿ ಕಡೆಯ ಸಾಮಾನು ಮಾರೋರ ಹತ್ತಿರ ಕೇಳಿ. ರಾತ್ರಿ ನೆನೆಸಿ, ಕುಕ್ಕರಲ್ಲಿ ಚೆನ್ನಾಗಿ ಬೇಯಿಸಿ ಮಸೆದ್ರೆ ಸಾರಿಗೆ ಏನೂ ಕಮ್ಮಿ ಇಲ್ಲ, ಸಿಪ್ಪೆ ಇರೋದ್ರಿಂದ ಬಣ್ಣ ಸ್ವಲ್ಪ ಕಪ್ಪು ಅಷ್ಟೇ. ಬೆಲ್ಲಕ್ಕೆ ಪಾನೇಲಾ ಇದೆ, ಅಚ್ಚು ಅಚ್ಚಾಗಿ ಪ್ರತಿ ಕಿರಾಣಿ ಅಂಗಡಿಯಲ್ಲೂ. ಬಿಸಿನೀರಿಗೆ ಕರಗಿಸಿ ನಿಂಬೆ ಹಿಂಡಿ ಕುಡಿಯೋದು ಇಲ್ಲಿಯವರ ದಿನದ ಪಾನೀಯ, ಚೀಸಿನ ತುಂಡು ಅದರೊಳಗೇ ಹಾಕ್ಕೊಳ್ತಾರೆ, ನೀವು ಹಾಕ್ಕೊಳ್ಳಬೇಕಿಲ್ಲ. ಹುಣಸೆಹಣ್ಣು, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಜೀರಿಗೆ, ಬಾಳೆಕಾಯಿ ಎಲ್ಲ ಸಿಗುತ್ತೆ. ಕರಿಬೇವು ಕಷ್ಟ. ಖಾರ ಅನ್ನೋದು ಇವರ ಅಡುಗೆಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಮೆಣಸಿನಪುಡಿ ಮಾತ್ರ ತಂದ್ಕೊಳ್ಳಿ. ಕಾಳು, ಬೀಜ, ಸೊಪ್ಪು ತರೋ ಯೋಚನೆ ಇದ್ರೆ ಇಲ್ಲಿನ ಕೃಷಿ ಸಂಸ್ಥೆ ಐಸಿಎ ನಿಯಮ ಮೊದಲು ಓದಿ, ವಿಮಾನ ನಿಲ್ದಾಣದಲ್ಲಿ ತಡೀತಾರೆ.

ತರಕಾರಿಗೆ ಒಮ್ಮೆಯಾದ್ರೂ ಬೆಳಗ್ಗೆ ಬೇಗ ಪಾಲೊಕೆಮಾವೊ ಮಾರುಕಟ್ಟೆಗೆ ಹೋಗಿ. ಹೊರಗೆ ಹೂವಿನ ರಾಶಿ, ಒಳಗೆ ಹಣ್ಣು. ಲೂಲೊ, ಕುರೂಬಾ, ಗ್ರಾನಾದಿಯಾ, ಉಚೂವಾ. ಮಗಳಿಗೆ ಗ್ರಾನಾದಿಯಾ ಒಡೆದು ಚಮಚ ಕೊಟ್ಟು ಕೂರಿಸಿ, ಅರ್ಧ ಗಂಟೆ ನಿಮ್ಮದು. ಪಾಪಾ ಕ್ರಿಯೋಯಾ ಅಂತ ಗೋಲಿಯಷ್ಟು ಚಿಕ್ಕ ಹಳದಿ ಆಲೂಗಡ್ಡೆ ಸಿಗುತ್ತೆ. ಅದರ ಪಲ್ಯ ತಿಂದ ಮೇಲೆ ಬೇರೆ ಆಲೂಗಡ್ಡೆ ಬೇಡ ಅನ್ನಿಸುತ್ತೆ.

ಹೋಟೆಲಲ್ಲಿ ‘ವೆಹೆತಾರಿಯಾನಾ’ ಅಂದ್ರೆ ಸಾಲದು. ಮಾಂಸ ಇಲ್ಲದ್ದು ಅಂತ ಕೇಳಿದ್ರೆ ಕೋಳಿ ತಂದಿಡ್ತಾರೆ, ಅವರ ಪ್ರಕಾರ ಮಾಂಸ ಅಂದ್ರೆ ದನದ್ದು. ಕೋಳಿಯೂ ಬೇಡ, ಮೀನೂ ಬೇಡ ಅಂತ ಒಂದೊಂದಾಗಿ ಹೇಳಿ. ಅಹಿಯಾಕೊ ಅಂತ ಈ ಊರಿನ ಹೆಸರುವಾಸಿ ಆಲೂಗಡ್ಡೆ ಸೂಪು, ವಾಸನೆಗೆ ಬಾಯಲ್ಲಿ ನೀರೂರುತ್ತೆ, ಆದರೆ ಅದರ ಸಾರವೇ ಕೋಳಿಯದ್ದು, ತುಂಡು ತೆಗೆದುಕೊಟ್ರೂ ಪ್ರಯೋಜನ ಇಲ್ಲ. ಮಧ್ಯಾಹ್ನದ ಅಗ್ಗದ ಊಟದಲ್ಲಿ ಅನ್ನ, ಮಸೂರ, ಬಾಳೆಹಣ್ಣು ಕರಿದದ್ದು, ಸಲಾಡ್ ಇದ್ದೇ ಇರುತ್ತೆ. ಮಾಂಸದ ಬದಲು ಮೊಟ್ಟೆ ಹಾಕಿಕೊಡಿ ಅಂದ್ರೆ ಬೇಸರ ಮಾಡ್ಕೊಳ್ಳಲ್ಲ.

ಕಾಗದಪತ್ರಕ್ಕೆ ಬಂದ್ರೆ, ವೀಸಾ ಕೈಗೆ ಬಂದ ಮೇಲೆ, ಅಥವಾ ಅದರ ಮೇಲೆ ದೇಶದೊಳಗೆ ಕಾಲಿಟ್ಟ ಮೇಲೆ, 15 ದಿನದೊಳಗೆ ಮಿಗ್ರಾಸಿಯೋನ್ ಕೊಲಂಬಿಯಾ ಅನ್ನೋ ವಲಸೆ ಕಚೇರಿಯಲ್ಲಿ ನೋಂದಾಯಿಸಿ ವಿದೇಶಿಯರ ಗುರುತಿನ ಚೀಟಿ, ಅಂದ್ರೆ ಸೇದುಲಾ, ಮಾಡಿಸಬೇಕು. ಮೂವರ ರಕ್ತದ ಗುಂಪೂ ಗೊತ್ತಿರಲಿ, ಅದನ್ನೂ ಕೇಳ್ತಾರೆ. ಆ ನಂಬರ್ ಸಿಗೋವರೆಗೆ ನೀವು ಈ ಊರಿಗೆ ನೆಂಟರು. ಬ್ಯಾಂಕು, ಫೋನು, ಇಂಟರ್ನೆಟ್ಟು, ಕೊನೆಗೆ ಸೂಪರ್‌ಮಾರ್ಕೆಟ್ಟಿನ ಕ್ಯಾಷಿಯರ್ ಕೂಡ ಬಿಲ್ಲು ಹಾಕೋ ಮುಂಚೆ ಸೇದುಲಾ ನಂಬರ್ ಕೇಳ್ತಾಳೆ. ಕಾರ್ಡು ಕೊಟ್ರೆ ‘ಎಷ್ಟು ಕಂತು?’ ಅಂತಾಳೆ, ಹಾಲಿನ ಪ್ಯಾಕೆಟ್ಟಿಗೂ. ‘ಉನಾ’ ಅನ್ನಿ, ಒಂದೇ.

ಉಸಿರಿನ ಬಗ್ಗೆ ಅತ್ತೆಗೆ ಹೇಳಿ: ಮೊದಲ ಕೆಲವು ದಿನ ತಲೆನೋವು, ಮೆಟ್ಟಿಲು ಹತ್ತಿದ್ರೆ ಏದುಸಿರು, ರಾತ್ರಿ ಸರಿಯಾಗಿ ನಿದ್ದೆ ಬರದೇ ಇರೋದು ಸಾಮಾನ್ಯ. ನೀರು ಕುಡಿದು, ನಿಧಾನವಾಗಿ ಓಡಾಡಿದ್ರೆ ಒಗ್ಗಿಹೋಗುತ್ತೆ. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಮೊದಲೇ ಇದ್ರೆ ಮಾತ್ರ ಡಾಕ್ಟರನ್ನ ಕೇಳಿಯೇ ಹೊರಡಿ.

ಸೆದ್ರಿತೊಸ್ ಕಾಕಾ:

ಅಕ್ಕಾರು ಹೇಳಿದ್ದು ಎಲ್ಲಾ ಖರೆ ಐತ್ರಿ, ಮನಿ ವಿಷಯದಾಗ ಮಾತ್ರ ನಂದು ಸ್ವಲ್ಪ ಬ್ಯಾರೆ ಅಭಿಪ್ರಾಯ. ಅವ್ರು ಆಫೀಸೋ ಸಾಲಿಯೋ ಒಂದಾದ್ರೂ ಹತ್ರ ಇರ್ಲಿ ಅಂತಾರ. ಏಳು ವರ್ಷದ ಹುಡುಗಿ ಅದಾಳ ಅಂದಮ್ಯಾಲ ನಾ ಹೇಳೂದು ಮೊದಲ ಸಾಲಿ ಹಿಡೀರಿ, ಆಮ್ಯಾಲ ಮನಿ.

ಇಲ್ಲಿ ಸಾಲಿಗೆ ಎರಡು ಕ್ಯಾಲೆಂಡರ್ ಅದಾವ. ‘ಎ’ ಅಂದ್ರ ವರ್ಷದ ಸುರುವಿಗೆ ಚಾಲೂ ಆಗಿ ನವೆಂಬರ್ ಸುಮಾರಿಗೆ ಮುಗೀತೈತಿ. ‘ಬಿ’ ಅಂದ್ರ ಆಗಸ್ಟ್‌ದಿಂದ ಜೂನ್. ಇಂಗ್ಲಿಷ್‌ನ್ಯಾಗ ಕಲಿಸೂ ಖಾಸಗಿ ಸಾಲಿ ಬಾಳಷ್ಟು ‘ಬಿ’. ನೀವು ಯಾವ ತಿಂಗಳು ಬರ್ತೀರಿ ಅನ್ನೂದರ ಮ್ಯಾಲ ಹುಡುಗಿ ಅರ್ಧ ವರ್ಷ ಮುಂದೋ ಹಿಂದೋ ಆಕ್ಕಾಳ, ಇದನ್ನ ಈಗ ಕೇಳಿ ತಿಳ್ಕೊರಿ. ಆ ಸಾಲಿಗಳು ಬಾಳಷ್ಟು ಊರಿನ ಉತ್ತರದ ತುದಿಗೆ, ಕಾಯೆ 170 ದಾಟಿ. ತೆವುಸಾಕಿಯೊದಾಗ ಮನಿ ಮಾಡಿದ್ರ ಕೂಸು ಕತ್ತಲಿದ್ದಾಗ ಬಸ್ ಹತ್ತಬೇಕಾಕ್ಕೈತಿ. ಇಲ್ಲಿ ವರ್ಷಪೂರ್ತಿ ಸೂರ್ಯ ಆರರ ಸುಮಾರಿಗೇ ಏಳೂದು, ಬ್ಯಾಸಿಗ್ಯಾಗ ಬೇಗ ಬೆಳಕಾಗ್ತೈತಿ ಅನ್ನೂ ಆಸೆನೂ ಇಲ್ಲ. ನಾವು ಸೆದ್ರಿತೊಸ್‌ದಾಗ, ಕಾಯೆ 140ರ ಆಸುಪಾಸು ಅದೀವಿ. ಇಟ್ಟಂಗಿ ಅಪಾರ್ಟ್‌ಮೆಂಟು, ಬುಡಕ್ಕ ಬೇಕರಿ, ಮೂಲಿಗೆ ಔಷಧ ಅಂಗಡಿ. ನೋಡಾಕ ಏನೂ ವಿಶೇಷ ಇಲ್ಲ, ಬದುಕಾಕ ಚಲೋ.

ಹಾಂ, ಅಲ್ಲಿಂದ ಕಾಯೆ 72ಕ್ಕ ಯಜಮಾನ್ರ ಓಡಾಟ ತ್ರಾಸ ಐತಿ, ಸುಳ್ಳು ಯಾಕ ಹೇಳೂದು. ಮೆಟ್ರೊ ಮೊದಲ ಲೈನು ಇನ್ನೂ ಕಟ್ಟಾಕತ್ತಾರ, 24 ಕಿಲೋಮೀಟರ್, ಕಂಬದ ಮ್ಯಾಲ. ಅದು ಬಂದು ನಿಲ್ಲೂದೂ ಕರೆಕ್ಟ್ ನಿಮ್ಮ ಯಜಮಾನ್ರ ಆಫೀಸಿನ ಕಡೆ, ಕರಾಕಾಸ್ ರಸ್ತೆ ಮತ್ತ ಕಾಯೆ 72 ಕೂಡೂ ಜಾಗದಾಗ. 2028ಕ್ಕ ಓಡಸ್ತೀವಿ ಅಂತಾರ, ಅಂದ್ರ ನೀವು ಇರೂ ತನಕ ಬರೇ ಧೂಳು ಮತ್ತ ಜೆಸಿಬಿ. ಈಗ ಇರೂದು ಟ್ರಾನ್ಸ್‌ಮಿಲೇನಿಯೊ, ಸ್ವಂತ ದಾರಿ ಇರೂ ಕೆಂಪು ಬಸ್. ಲಗೂ ಹೋಗ್ತೈತಿ, ಆದ್ರ ಮುಂಜಾನಿ ಏಳಕ್ಕ ಬಾಗಿಲಿಗೆ ಜೋತು ಬಿದ್ದು ಹೋಗಬೇಕು. ಬ್ಯಾಗು ಎದಿಗೆ ಹಾಕ್ಕೋಬೇಕು. ಕಾರು ತಗೋತೀನಿ ಅಂದ್ರ ನಂಬರ್ ಪ್ಲೇಟಿನ ಕಡೀ ಅಂಕಿ ನೋಡಿ ದಿನ ಬಿಟ್ಟು ದಿನ ರಸ್ತೆಗೆ ಬಿಡಂಗಿಲ್ಲ. ನಾ ಅಂತೂ ಕಾರು ಮಾರಿ ಸೈಕಲ್ ತಗೊಂಡೆ.

ಭಾನುವಾರ ಮತ್ತ ರಜಾದಿನ ಮುಂಜಾನಿ ಏಳರಿಂದ ಮಧ್ಯಾಹ್ನ ಎರಡರ ತನಕ ದೊಡ್ಡ ದೊಡ್ಡ ರಸ್ತೆ ಬಂದ್ ಮಾಡಿ ಸೈಕಲ್, ನಡಿಯೂ ಮಂದಿಗೆ ಬಿಡ್ತಾರ. 1970ರ ದಶಕದಿಂದ ನಡದೈತಿ, ಈಗ 120 ಕಿಲೋಮೀಟರ್‌ಗಿಂತ ಹೆಚ್ಚು ಉದ್ದ. ದಾರಿಗುಂಟ ಹಣ್ಣಿನ ಜ್ಯೂಸು, ಸೈಕಲ್ ಪಂಕ್ಚರ್ ಹಾಕೂ ಮಂದಿ, ಒಂದೊಂದು ಪಾರ್ಕಿನ್ಯಾಗ ಧ್ವನಿವರ್ಧಕ ಹಚ್ಚಿ ಏರೋಬಿಕ್ಸ್. ಹುಡುಗಿಗೆ ಸೈಕಲ್ ಕಲಸಾಕ ಇದಕಿಂತ ಚಲೋ ಜಾಗ ಸಿಗೂದಿಲ್ಲ. ನಮ್ಮ ಮಗ ಅಲ್ಲೇ ಬಿದ್ದು ಎದ್ದು ಕಲ್ತಾನ.

ಒಂಟಿ_ಛತ್ರಿ:

ಮೇಲಿನ ಇಬ್ಬರೂ ಕಳ್ಳರ ಮಾತು ಹಾರಿಸಿಬಿಟ್ರು. ಹೆದರಿಸೋಕಲ್ಲ, ಆದರೂ ಹೇಳ್ತೀನಿ. ರಸ್ತೆಯಲ್ಲಿ ನಡೀತಾ ಫೋನ್ ಹೊರಗೆ ತೆಗೀಬೇಡಿ, ನಕ್ಷೆ ನೋಡಬೇಕಾದ್ರೆ ಅಂಗಡಿಯೊಳಗೆ ಹೋಗಿ ನೋಡಿ. ರಾತ್ರಿ ಕೈ ಬೀಸಿ ಟ್ಯಾಕ್ಸಿ ನಿಲ್ಲಿಸೋ ಬದಲು ಆ್ಯಪಲ್ಲೇ ಕರೀರಿ. ಅಪರಿಚಿತರು ಕೊಟ್ಟಿದ್ದು ಕುಡೀಬೇಡಿ, ಪ್ರಜ್ಞೆ ತಪ್ಪಿಸೋ ಔಷಧಿ ಬೆರೆಸಿ ದೋಚೋ ಪ್ರಕರಣಗಳು ಇಲ್ಲಿ ನಿಜವಾಗಲೂ ಆಗ್ತವೆ. ತುರ್ತಿಗೆ ನಂಬರ್ 123.

ಆರೋಗ್ಯಕ್ಕೆ: ಯಜಮಾನರಿಗೆ ಇಲ್ಲಿನ ಸಂಬಳ ಬಂದ್ರೆ ಕಂಪನಿ ಅವರನ್ನ ಇಪಿಎಸ್ ಅನ್ನೋ ಆರೋಗ್ಯ ವ್ಯವಸ್ಥೆಗೆ ಸೇರಿಸಲೇಬೇಕು. ನೀವೂ ಮಗಳೂ ಅವರ ಅವಲಂಬಿತರಾಗಿ ಸೇರಬಹುದು, ಆದರೆ ಅದಕ್ಕೆ ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ ಬೇಕು. ಭಾರತದಲ್ಲೇ ಅಪೊಸ್ಟಿಲ್, ಅಂದ್ರೆ ಬೇರೆ ದೇಶದಲ್ಲಿ ಒಪ್ಪೋ ಸರ್ಕಾರಿ ದೃಢೀಕರಣ, ಮಾಡಿಸಿ ತನ್ನಿ, ಸ್ಪ್ಯಾನಿಷ್ ಅನುವಾದ ಅಧಿಕೃತ ಅನುವಾದಕರಿಂದಲೇ ಆಗಬೇಕು. ಇಲ್ಲಿ ಬಂದ ಮೇಲೆ ಆ ಕಾಗದಕ್ಕಾಗಿ ಊರಿನಲ್ಲಿರೋ ತಮ್ಮನನ್ನ ಓಡಾಡಿಸಿದೋರನ್ನ ನೋಡಿದ್ದೀನಿ.

ಛತ್ರಿ ಯಾವಾಗಲೂ ಬ್ಯಾಗಲ್ಲಿರಲಿ. ಬೆಳಗ್ಗೆ ಆಕಾಶ ನೋಡಿ ನಿರ್ಧಾರ ಮಾಡೋ ಊರಲ್ಲ ಇದು.

ಮಲ್ಲಿಗೆದಂಡೆ:

ಅಯ್ಯೋ, ಇಷ್ಟೊಂದು ಬರೆದಿದ್ದೀರಲ್ಲ, ಮೂವರಿಗೂ ತುಂಬಾ ಥ್ಯಾಂಕ್ಸ್. ಗ್ವಾಂದೂ ವಿಷಯ ಓದಿ ಅತ್ತೆ ಮುಖದಲ್ಲಿ ಮೊದಲ ಸಲ ಸಮಾಧಾನ ಕಾಣಿಸ್ತು. ಕಾಕಾ, ಶಾಲೆಯವರಿಗೆ ಇವತ್ತೇ ಮೇಲ್ ಹಾಕಿದೆ. ಎರಡು ಸಣ್ಣ ಪ್ರಶ್ನೆ. ನನ್ನ ಮಿಕ್ಸಿ ಅಲ್ಲಿ ನಡೆಯುತ್ತಾ? ಆಮೇಲೆ, ಹೇಳೋಕೆ ಸ್ವಲ್ಪ ಮುಜುಗರ, ಅವರು ಆಫೀಸಿಗೆ, ಇವಳು ಶಾಲೆಗೆ ಹೋದ ಮೇಲೆ ಭಾಷೆ ಬರದ ಊರಲ್ಲಿ ನಾನು ಹಗಲೆಲ್ಲ ಏನು ಮಾಡೋದು?

ಪಾರ್ಕ್‌ವೇ ಪಕ್ಕದವಳು:

ಮಿಕ್ಸಿ ತರಬೇಡಿ. ಇಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಜ್, ಪಿನ್ನು ಅಮೆರಿಕದ ಥರದ್ದು. ನಮ್ಮ 230 ವೋಲ್ಟಿನ ಮಿಕ್ಸಿ ಇಲ್ಲಿ ನರಳುತ್ತೆ ಹೊರತು ಅರೆಯಲ್ಲ. ವೋಲ್ಟೇಜ್ ಏರಿಸೋ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಮಿಕ್ಸಿಗೆ ತಡೆಯೋವಂಥದ್ದು ಮಿಕ್ಸಿಗಿಂತ ಭಾರ. ಅಮೆರಿಕದಲ್ಲಿ ನೆಂಟರಿದ್ರೆ 110 ವೋಲ್ಟಿನ ಇಂಡಿಯನ್ ಮಿಕ್ಸಿ ಅಲ್ಲಿಂದ ತರಿಸ್ಕೊಳ್ಳಿ. ಚಟ್ನಿಗೆ ಇಲ್ಲಿನ ಬ್ಲೆಂಡರ್ ಸಾಕು, ಹಣ್ಣಿನ ಜ್ಯೂಸು ಕುಡಿಯೋ ಊರು, ಗಟ್ಟಿಮುಟ್ಟಾದವೇ ಸಿಗ್ತವೆ. ದೋಸೆ ಹಿಟ್ಟಿಗೆ ಸ್ವಲ್ಪ ನೀರು ಜಾಸ್ತಿ ಬಿಟ್ಟು ಸ್ವಲ್ಪಸ್ವಲ್ಪವೇ ರುಬ್ಬಬೇಕು. ಫೋನು, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ತೊಂದರೆ ಇಲ್ಲ, ಪಿನ್ ಬದಲಾಯಿಸಿದ್ರೆ ಆಯ್ತು.

ಎರಡನೇ ಪ್ರಶ್ನೆಗೆ ಮುಜುಗರ ಯಾಕೆ, ಅದೇ ಅಸಲು ಪ್ರಶ್ನೆ. ಮೊದಲು ಬಾಗಿಲಲ್ಲಿ ಕೂರೋ ಪೋರ್ತೇರೊನ ಹೆಸರು ಕೇಳಿ ತಿಳ್ಕೊಳ್ಳಿ. ಪಾರ್ಸಲ್ಲು, ಪ್ಲಂಬರು, ಯಾವ ಅಂಗಡಿಯಲ್ಲಿ ಮೊಟ್ಟೆ ಅಗ್ಗ, ಎಲ್ಲ ಅವನಿಗೆ ಗೊತ್ತು, ಮತ್ತೆ ಅವನಿಗೆ ಪುರುಸೊತ್ತೂ ಇರುತ್ತೆ. ನನಗೆ ಸ್ಪ್ಯಾನಿಷ್ ಕಲಿಸಿದ್ದು ಅರ್ಧ ಕ್ಲಾಸು, ಅರ್ಧ ನಮ್ಮ ಪೋರ್ತೇರೊ. ಈ ಊರಿನವರು ನಿಧಾನವಾಗಿ, ಬಿಡಿಸಿ ಮಾತಾಡ್ತಾರೆ, ಗಂಡ ಹೆಂಡತಿ ಕೂಡ ಎಷ್ಟೋ ಕಡೆ ಒಬ್ಬರನ್ನೊಬ್ಬರು ಬಹುವಚನದಲ್ಲೇ ಕರೀತಾರೆ. ಲಿಫ್ಟಿಗೆ ಕಾಲಿಟ್ರೂ, ಡಾಕ್ಟರ ಕೋಣೆ ಹೊರಗೆ ಕಾಯೋರ ಮಧ್ಯೆ ಕೂತ್ರೂ ಎಲ್ಲರಿಗೂ ಸೇರಿಸಿ ‘ಬ್ವೇನಾಸ್’ ಅನ್ನಬೇಕು, ಸುಮ್ಮನೆ ಕೂತ್ರೆ ಒರಟು ಹೆಂಗಸು ಅಂದ್ಕೊಳ್ತಾರೆ. ಇನ್ನು ಅಮ್ಮನ ಫೋನಿಗೆ ಲೆಕ್ಕ: ನಾವು ಹತ್ತೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟು ಅಂದ್ರೆ ಅಲ್ಲಿ ಮಾರನೇ ಬೆಳಗ್ಗೆ ಆರೂವರೆ, ಕಾಫಿ ಹೊತ್ತು. ನಿಮ್ಮ ಹಗಲು ಅವರ ನಿದ್ದೆ, ಹಾಗಾಗಿ ಹಗಲಿನ ಮಾತಿಗೆ ಇಲ್ಲಿಯವರೇ ಆಗಬೇಕು.

ಡಿಸೆಂಬರ್ 7ರ ಒಳಗೆ ಬಂದುಬಿಡಿ, ಆಗೋದಾದ್ರೆ. ಅವತ್ತು ರಾತ್ರಿ ಪ್ರತಿ ಕಟ್ಟಡದ ಮುಂದೆ ಜನ ಮೇಣದಬತ್ತಿ ಸಾಲು ಹಚ್ಚಿ ರಸ್ತೆಯಂಚಲ್ಲೇ ಕೂತಿರ್ತಾರೆ. ಅಕ್ಕಪಕ್ಕದವರ ಪರಿಚಯ ಆಗೋಕೆ ಅದಕ್ಕಿಂತ ಸಲೀಸಾದ ದಿನ ಇಲ್ಲ, ಒಂದು ಪ್ಯಾಕೆಟ್ ಬತ್ತಿ ತಗೊಂಡು ಕೆಳಗಿಳಿದ್ರೆ ಮುಗೀತು.

ಸೆದ್ರಿತೊಸ್ ಕಾಕಾ:

ಮನಿ ನೋಡಾಕ ಭಾನುವಾರ ಹೋಗಬ್ಯಾಡ್ರಿ ತಂಗಿ. ಅವತ್ತು ರಸ್ತೆ ಖಾಲಿ, ಎಲ್ಲಾ ಹತ್ರ ಅನಸ್ತೈತಿ. ಮಂಗಳವಾರನೋ ಬುಧವಾರನೋ ಸಂಜಿ ಐದೂವರಿಗೆ ಕಾಯೆ 72ರಿಂದ ಹೊಂಟು ಆ ಮನಿ ಬಾಗಿಲ ತನಕ ಹೋಗಿ ನೋಡ್ರಿ, ಮಳಿ ಇದ್ರ ಇನ್ನೂ ಚಲೋ. ಸೋಮವಾರ ಯಾಕ ಬ್ಯಾಡ ಅಂದ್ರ ಇಲ್ಲಿ ಹಬ್ಬದ ರಜಾ ಭಾಳಷ್ಟು ಸೋಮವಾರಕ್ಕ ತಳ್ಳಿರ್ತಾರ, 1983ರಾಗ ಅದಕ್ಕೂ ಒಂದು ಕಾನೂನು ಮಾಡ್ಯಾರ. ಆಫೀಸು ತೆಗದಿರ್ತೈತಿ ಅಂತ ಹೋಗಿ ಬಾಗಿಲ ಮುಂದ ನಿಂದರ್ತೀರಿ.